ಸಂಜೆಯಾದರೆ ನೆಟ್ ಕೈಕೊಡುತ್ತದೆ. ಕಂಪನಿ ಬದಲಿಸಬೇಕು, ಏನು ನೋಡಿ ಆರಿಸಲಿ?

ಸಂಜೆಮಲ್ಲಿಗೆ:
ಎಲ್ಲರಿಗೂ ನಮಸ್ಕಾರ. ನಾನು ಮನೆಯಿಂದಲೇ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಸಂಜೆ 6ರಿಂದ 9ರ ತನಕ ಆನ್‌ಲೈನ್ ಕ್ಲಾಸ್. ಬೆಳಗ್ಗೆ ಪಾಠ ತಯಾರಿ ಮಾಡುವಾಗ ನೆಟ್ ಚೆನ್ನಾಗಿಯೇ ಇರುತ್ತದೆ. ಏಳು ಗಂಟೆ ದಾಟಿತು ಅಂದರೆ ತೊಂದರೆ ಶುರು. ನನ್ನ ಮಾತು ತುಂಡು ತುಂಡಾಗಿ ಕೇಳುತ್ತದಂತೆ. ನಾನು ಬರೆದ ಲೆಕ್ಕ ಅವರಿಗೆ ಕಾಣುವಷ್ಟರಲ್ಲಿ ನಾನು ಮುಂದಿನ ಲೆಕ್ಕಕ್ಕೆ ಹೋಗಿರುತ್ತೇನೆ.

ಈಗ ಇರುವುದು ಟಿವಿ ಕೇಬಲ್ ಮೂಲಕ ಬರುವ 100 ಎಂಬಿಪಿಎಸ್ ಪ್ಲಾನ್. ಕಸ್ಟಮರ್ ಕೇರ್‌ಗೆ ಎಂಟು ಸಲ ಫೋನ್ ಮಾಡಿದ್ದೇನೆ. ಎಂಟೂ ಸಲ ಒಂದೇ ಉತ್ತರ: "ರೂಟರ್ ಆಫ್ ಮಾಡಿ ಆನ್ ಮಾಡಿ." ಸ್ಪೀಡ್ ಟೆಸ್ಟ್ ಮಾಡಿದರೆ 90 ತೋರಿಸುತ್ತದೆ. ಹಾಗಾಗಿ ಅವರು ತಮ್ಮ ಕಡೆಯಿಂದ ತೊಂದರೆ ಏನೂ ಇಲ್ಲ ಅನ್ನುತ್ತಾರೆ. ಹೋದ ವಾರ ಒಬ್ಬ ಹುಡುಗಿಯ ತಾಯಿ ಕ್ಲಾಸ್ ಬಿಡಿಸಿದರು. ಪಾಠ ಚೆನ್ನಾಗಿದೆ, ಆದರೆ ಕೇಳಿಸುವುದೇ ಇಲ್ಲ ಅಂದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮ ಬೀದಿಗೆ ಈಗ ಮೂರು ದಾರಿ ಇವೆ. ಒಂದು ದೊಡ್ಡ ಕಂಪನಿಯ ಫೈಬರ್, ಒಂದು ಚಿಕ್ಕ ಕಂಪನಿಯ ಫೈಬರ್, ಮತ್ತೆ 5ಜಿ ಸಿಮ್ ಹಾಕುವ ಡಬ್ಬಿ. ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಯಾವ ಪ್ರಶ್ನೆ ಕೇಳಬೇಕು ಅನ್ನುವುದೇ ನನಗೆ ಗೊತ್ತಿಲ್ಲ.

ಗುಂಡುಪಿನ್:
ಫೈಬರ್ ಹಾಕಿಸಿ. ಮುಗೀತು.

ಮರಕುಟಿಗ:
100 ಸಾಲುವುದಿಲ್ಲ ಮೇಡಂ. 300 ಅಥವಾ 500ರ ಪ್ಲಾನ್ ತಗೊಳ್ಳಿ. ನಾನು 500 ಹಾಕಿಸಿದ ಮೇಲೆ ಒಂದು ದಿನವೂ ತಲೆ ಕೆಡಿಸಿಕೊಂಡಿಲ್ಲ. ದೊಡ್ಡ ಪೈಪಿನಲ್ಲಿ ನೀರು ಜಾಸ್ತಿ ಬರುತ್ತದೆ, ಅಷ್ಟೇ ಲೆಕ್ಕ.

ನೀಲಿತಂತಿ:
ಮರಕುಟಿಗ ಅವರೇ, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯಿತು. ಮೇಡಂ ಹೇಳುತ್ತಿರುವುದು ಬೇರೆ. ಒಂದು ಎಚ್‌ಡಿ ವಿಡಿಯೊ ಕರೆಗೆ 3-4 ಎಂಬಿಪಿಎಸ್ ಸಾಕು. 4ಕೆ ಸಿನಿಮಾಕ್ಕೇ 15ರಿಂದ 25 ಸಾಕಾಗುತ್ತದೆ. 90 ಬರುತ್ತಿದ್ದೂ ಮಾತು ತುಂಡಾಗುತ್ತಿದ್ದರೆ 500 ಹಾಕಿಸಿದರೂ ಮಾತು ತುಂಡಾಗುತ್ತದೆ.

ಸಂಜೆಮಲ್ಲಿಗೆ ಅವರೇ, ಮೂರು ವಿಷಯ ತಿಳಿಸಿ. ಅಪ್‌ಲೋಡ್ ಎಷ್ಟು ಬರುತ್ತಿದೆ? ಲ್ಯಾಪ್‌ಟಾಪ್ ವೈಫೈನಲ್ಲಿದೆಯೋ, ರೂಟರ್‌ಗೆ ತಂತಿ ಹಾಕಿದ್ದೀರೋ? ಸ್ಪೀಡ್ ಟೆಸ್ಟ್ ಮಾಡಿದ್ದು ಯಾವ ಹೊತ್ತಿನಲ್ಲಿ?

ಸಂಜೆಮಲ್ಲಿಗೆ:
ಅಪ್‌ಲೋಡ್ 5 ತೋರಿಸುತ್ತದೆ. ವೈಫೈ. ರೂಟರ್ ನಡುಮನೆಯಲ್ಲಿದೆ, ನಾನು ಪಾಠ ಮಾಡುವ ಕೋಣೆಗೂ ಅದಕ್ಕೂ ನಡುವೆ ಎರಡು ಗೋಡೆ. ಟೆಸ್ಟ್ ಮಾಡಿದ್ದು ಬೆಳಗ್ಗೆ. ಸಂಜೆ ಕ್ಲಾಸ್ ನಡುವೆ ಟೆಸ್ಟ್ ಮಾಡಲು ಆಗುವುದಿಲ್ಲ ಅಲ್ವಾ.

ನೀಲಿತಂತಿ:
ಹಾಗಾದರೆ ಈಗಲೇ ಕಂಪನಿ ಬದಲಿಸಬೇಡಿ. ಒಂದೆರಡು ಸಂಜೆ ಹೀಗೆ ಮಾಡಿ ನೋಡಿ.

ಮೊದಲು ಒಂದು ಲ್ಯಾನ್ ಕೇಬಲ್ ತಂದು ಲ್ಯಾಪ್‌ಟಾಪನ್ನು ನೇರವಾಗಿ ರೂಟರ್‌ಗೆ ಸಿಕ್ಕಿಸಿ. ಆಮೇಲೆ ಕಮಾಂಡ್ ವಿಂಡೋ ತೆರೆದು ಎರಡು ಕಡೆಗೆ ಪಿಂಗ್ ಬಿಡಿ. ಪಿಂಗ್ ಅಂದರೆ ಒಂದು ಚಿಕ್ಕ ಸಂದೇಶ ಹೋಗಿ ಉತ್ತರ ಬರಲು ಎಷ್ಟು ಹೊತ್ತಾಯಿತು ಅಂತ ಅಳೆಯುವುದು. ಒಂದು ನಿಮ್ಮ ರೂಟರ್‌ನ ವಿಳಾಸಕ್ಕೆ, ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಇರುತ್ತದೆ. ಇನ್ನೊಂದು 8.8.8.8ಕ್ಕೆ, ಅದು ಗೂಗಲ್‌ನ ಡಿಎನ್‌ಎಸ್, ಅಂದರೆ ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡುವ ಸರ್ವರ್. ವಿಂಡೋಸ್ ಆದರೆ ಪಿಂಗ್ ಜತೆಗೆ ಹೈಫನ್ ಟಿ ಹಾಕಿದರೆ ನಿಲ್ಲದೆ ಓಡುತ್ತಿರುತ್ತದೆ. ಇದಕ್ಕೆ ಖರ್ಚಾಗುವ ಡೇಟಾ ಏನೇನೂ ಅಲ್ಲ. ಕ್ಲಾಸ್ ನಡೆಯುವಾಗಲೂ ಬಿಟ್ಟಿರಬಹುದು.

ರೂಟರ್‌ಗೆ ಹೋಗುವ ಪಿಂಗ್ ತಂತಿಯಲ್ಲಿ 1 ಮಿಲಿಸೆಕೆಂಡ್ ಆಸುಪಾಸು ಇರಬೇಕು. ಅದೇ ಏರುತ್ತಿದ್ದರೆ ತೊಂದರೆ ಮನೆಯೊಳಗೆ. ಅದು ಸರಿಯಾಗಿದ್ದು 8.8.8.8 ಮಾತ್ರ ಏರುತ್ತಿದ್ದರೆ, ನಡುನಡುವೆ 'ಟೈಮ್ಡ್ ಔಟ್' ಅಂತ ಬರುತ್ತಿದ್ದರೆ, ತೊಂದರೆ ಲೈನಿನಲ್ಲಿ. ಮತ್ತೆ ಒಂದು ಸಂಜೆ ವೈಫೈನಲ್ಲಿ ಇದನ್ನೇ ಮಾಡಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ತಾಯಿಬೇರು:
ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಸರ ಬೇಡ. ನನ್ನದು 100ರ ಪ್ಲಾನ್. ಫೈಲ್ ಇಳಿಸುವಾಗ 11, 12 ಅಂತಲೇ ತೋರಿಸುತ್ತದೆ. ಇದು ಮೋಸ ಅಲ್ವಾ?

ನೀಲಿತಂತಿ:
ಅಲ್ಲ ಸರ್. ಪ್ಲಾನ್ ಅಳೆಯುವುದು ಬಿಟ್‌ನಲ್ಲಿ, ಫೈಲ್ ಅಳೆಯುವುದು ಬೈಟ್‌ನಲ್ಲಿ. 8 ಬಿಟ್‌ಗೆ 1 ಬೈಟ್. 100ನ್ನು 8ರಿಂದ ಭಾಗಿಸಿದರೆ 12.5. ನಿಮಗೆ ಬರಬೇಕಾದದ್ದೇ ಬರುತ್ತಿದೆ.

ತಾಯಿಬೇರು:
ಓಹೋ. ಎರಡು ವರ್ಷದಿಂದ ಸುಮ್ನೆ ಅವರ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ. ಥ್ಯಾಂಕ್ಸ್.

ಹಳೇಲೈನ್:
ನಾನು 14 ವರ್ಷ ಲೈನ್ ಕೆಲಸ ಮಾಡಿದವನು. ಮೊದಲು ತಾಮ್ರ, ಆಮೇಲೆ ಫೈಬರ್. ಕಂಬ ಹತ್ತಿದ್ದೇನೆ, ಗುಂಡಿ ಇಳಿದಿದ್ದೇನೆ. ಮೇಡಂ ಕೇಳಿದ್ದು ಯಾವ ಪ್ರಶ್ನೆ ಕೇಳಬೇಕು ಅಂತ. ನನಗೆ ತಿಳಿದದ್ದು ಹೇಳುತ್ತೇನೆ.

ಕಂಪನಿಯ ಹೆಸರು ಆಮೇಲೆ. ಮೊದಲು ತಿಳಿಯಬೇಕಾದದ್ದು, ನಿಮ್ಮ ಮನೆಗೆ ಬರುವ ಕೊನೆಯ ತುಂಡು ತಂತಿ ಯಾವುದು, ಅದು ಕಡಿದರೆ ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಅನ್ನುವುದು. ಒಂದೇ ಕಂಪನಿ ಒಂದು ಬೀದಿಯಲ್ಲಿ ಬಂಗಾರ, ಪಕ್ಕದ ಬೀದಿಯಲ್ಲಿ ಗೋಳು. ಇದನ್ನು ಕಣ್ಣಾರೆ ನೋಡಿದ್ದೇನೆ.

ಫೈಬರ್ ಅಂತ ಹೇಳಿ ಬೀದಿ ಕೊನೆಯ ಡಬ್ಬಿಯ ತನಕ ಮಾತ್ರ ಫೈಬರ್ ತಂದು, ಅಲ್ಲಿಂದ ಮನೆಗೆ ತಾಮ್ರ ಎಳೆಯುವವರೂ ಇದ್ದಾರೆ. ಹಳೇ ಫೋನ್ ತಂತಿಯಾದರೆ ದೂರ ಹೆಚ್ಚಿದಂತೆ ಸ್ಪೀಡ್ ಬೀಳುತ್ತದೆ. ಫೋನ್ ತಂತಿಯಲ್ಲೇ ನೆಟ್ ಕಳಿಸುವ ವಿಡಿಎಸ್‌ಎಲ್ ಅನ್ನುವುದು ಡಬ್ಬಿಯ ಪಕ್ಕದ ಮನೆಗೆ ಚೆನ್ನಾಗಿ ಓಡುತ್ತದೆ, ಒಂದೂವರೆ ಕಿಲೋಮೀಟರ್ ದಾಟಿದರೆ ಅದರ ಹಿಂದಿನ ಪದ್ಧತಿಯಾದ ಎಡಿಎಸ್‌ಎಲ್ ಮಟ್ಟಕ್ಕೆ ಇಳಿಯುತ್ತದೆ. ಹಾಗಾಗಿ ನೇರವಾಗಿ ಕೇಳಿ: "ನನ್ನ ಮನೆಯೊಳಗೆ ಬರುವುದು ಗಾಜಿನ ಎಳೆಯೋ, ತಾಮ್ರವೋ?" ಗಾಜಾದರೆ ಮನೆಯಲ್ಲಿ ಒಎನ್‌ಟಿ ಅನ್ನುವ, ಬೆಳಕನ್ನು ರೂಟರ್‌ಗೆ ತಿಳಿಯುವ ಸಿಗ್ನಲ್ ಆಗಿ ಬದಲಿಸುವ ಡಬ್ಬಿ ಇಡುತ್ತಾರೆ. ತೆಳ್ಳನೆಯ ತಂತಿ, ತುದಿಯಲ್ಲಿ ಹಸಿರು ಅಥವಾ ನೀಲಿ ಬಣ್ಣದ ಚೌಕ ಕನೆಕ್ಟರ್.

ಟಿವಿ ಕೇಬಲ್‌ನಲ್ಲಿ ಬರುವ ನೆಟ್‌ನದ್ದು ಬೇರೆ ಕಥೆ. ಬೀದಿಯ ಎಷ್ಟೋ ಮನೆಗಳು ಒಂದೇ ತಂತಿಯನ್ನು ಹಂಚಿಕೊಂಡಿರುತ್ತವೆ. ಅದರಲ್ಲಿ ಅಪ್‌ಲೋಡ್‌ಗೆ ಬಿಟ್ಟ ಜಾಗ ಮೊದಲಿನಿಂದಲೂ ಚಿಕ್ಕದು. ಸಂಜೆ ಎಲ್ಲರೂ ಮನೆಗೆ ಬಂದು ಕೂತರೆ ಆ ಚಿಕ್ಕ ಜಾಗವೇ ಮೊದಲು ತುಂಬುವುದು. ಪಾಠ ಹೇಳುವವರಿಗೆ ಬೇಕಾದದ್ದು ಅಪ್‌ಲೋಡ್. ಮೇಡಂ ಅವರ ಮಾತು, ಮುಖ, ಬೋರ್ಡ್ ಎಲ್ಲಾ ಮೇಲಕ್ಕೆ ಹೋಗಬೇಕು. ನನ್ನ ಅಂದಾಜು, ಅವರ ತೊಂದರೆ ಇಲ್ಲೇ ಇದೆ. ಟೆಸ್ಟ್ ಮಾಡಿ ನೋಡಲಿ.

ಮರಕುಟಿಗ:
ಫೈಬರ್ ಮಾತ್ರ ಹಂಚಿಕೆ ಇಲ್ಲದ್ದಾ ಸರ್? ಅದನ್ನೂ ಹಂಚುತ್ತಾರೆ ಅಂತ ಕೇಳಿದ್ದೇನೆ.

ಹಳೇಲೈನ್:
ಹಂಚುತ್ತಾರೆ, ಸರಿಯಾಗಿ ಕೇಳಿದ್ದೀರಿ. ಜಿಪಾನ್ ಅನ್ನುವ ಪದ್ಧತಿಯಲ್ಲಿ ಒಂದು ಎಳೆಗೆ ಸೆಕೆಂಡಿಗೆ ಕೆಳಗೆ (ಡೌನ್‌ಲೋಡ್) 2.488 ಗಿಗಾಬಿಟ್, ಮೇಲೆ (ಅಪ್‌ಲೋಡ್) 1.244 ಗಿಗಾಬಿಟ್. ಅದನ್ನು ಸ್ಪ್ಲಿಟರ್ ಹಾಕಿ 32 ಅಥವಾ 64 ಮನೆಗೆ ಒಡೆಯುತ್ತಾರೆ. ಹೊಸ ಎಕ್ಸ್‌ಜಿಎಸ್-ಪಾನ್‌ನಲ್ಲಿ ಎರಡೂ ಕಡೆಗೆ 10 ಗಿಗಾಬಿಟ್.

ಮರಕುಟಿಗ:
2488ನ್ನು 32ರಿಂದ ಭಾಗಿಸಿದರೆ 78 ಬರುತ್ತದೆ. 64 ಮನೆಯಾದರೆ 39. ಮತ್ತೆ 300, 500 ಅಂತ ಹೇಗೆ ಮಾರುತ್ತಾರೆ? ನನಗೆ ಇದು ಸರಿ ಕಾಣುವುದಿಲ್ಲ.

ನೀಲಿತಂತಿ:
ಎಲ್ಲರೂ ಒಂದೇ ಸೆಕೆಂಡಿನಲ್ಲಿ ಪೂರ್ತಿ ಎಳೆದರೆ ಮಾತ್ರ ನಿಮ್ಮ ಲೆಕ್ಕ. ಹಾಗೆ ಆಗುವುದಿಲ್ಲ. ಸಿನಿಮಾ ನೋಡುವ ಮನೆ 20 ಎಳೆಯುತ್ತದೆ, ಸುದ್ದಿ ಓದುವ ಮನೆ ಆಗಾಗ ಒಂದು ಚೂರು. ಹಂಚಿಕೆ ಇಲ್ಲದ ಇಂಟರ್ನೆಟ್ ಮನೆಗಳಿಗೆ ಎಲ್ಲೂ ಇಲ್ಲ. ಅಳತೆ ತಪ್ಪಿದಾಗ ಮಾತ್ರ ಅದು ತೊಂದರೆ. ನಾನು ನೋಡಿದ ಮಟ್ಟಿಗೆ ಫೈಬರ್‌ನಲ್ಲಿ ಮನೆಯ ಹತ್ತಿರದ ಹಂಚಿಕೆ ತುಂಬುವುದು ಕಡಿಮೆ. ಕಂಪನಿಯಿಂದ ಹೊರಜಗತ್ತಿಗೆ ಹೋಗುವ ದಾರಿ ತುಂಬುವುದು ಜಾಸ್ತಿ. ಗ್ರಾಹಕರನ್ನು ಸೇರಿಸುತ್ತಾ ಹೋಗುತ್ತಾರೆ, ಆ ದಾರಿಯನ್ನು ಅಗಲ ಮಾಡುವುದಿಲ್ಲ.

ಸ್ಪೀಡ್ ಟೆಸ್ಟ್ ನಂಬಬೇಡಿ ಅನ್ನುವುದೂ ಇದಕ್ಕೇ. ಅದು ಎಷ್ಟೋ ಸಲ ಹತ್ತಿರದ ಸರ್ವರನ್ನೇ ಆರಿಸಿಕೊಳ್ಳುತ್ತದೆ. ಆ ಸರ್ವರ್ ಕಂಪನಿಯ ಜಾಲದ ಒಳಗೇ ಇದ್ದರೆ ತುಂಬಿದ ದಾರಿಯನ್ನು ಟೆಸ್ಟ್ ಮುಟ್ಟುವುದೇ ಇಲ್ಲ. ಪಟ್ಟಿ ತೆರೆದು ಬೇರೆ ಕಂಪನಿಯ, ದೂರದ ಸರ್ವರ್ ಆರಿಸಿ ರಾತ್ರಿ 9ಕ್ಕೆ ಟೆಸ್ಟ್ ಮಾಡಿ.

ಮರಕುಟಿಗ:
ಇದು ಒಪ್ಪುವ ಮಾತು. ನನ್ನ 500ರ ಲೈನನ್ನು ಇವತ್ತೇ ಹಾಗೆ ಪರೀಕ್ಷೆ ಮಾಡುತ್ತೇನೆ.

ದೀಪದಹುಳ:
ನಾನು ಆಟ ಆಡುವವನು, ನನಗೆ ಸ್ಪೀಡ್‌ಗಿಂತ ಪಿಂಗ್ ಮುಖ್ಯ. ಸಂಜೆಮಲ್ಲಿಗೆ ಅಕ್ಕ, ಇನ್ನೊಂದು ನೋಡಿ. ಕ್ಲಾಸ್ ಹೊತ್ತಿನಲ್ಲಿ ಮನೆಯಲ್ಲಿ ಯಾರಾದರೂ ಫೋಟೊ, ವಿಡಿಯೊ ಬ್ಯಾಕಪ್ ಹಾಕುತ್ತಾರಾ? 5 ಎಂಬಿಪಿಎಸ್ ಅಪ್‌ಲೋಡ್ ಇದ್ದರೆ ಒಂದು ಫೋನಿನ ಬ್ಯಾಕಪ್ ಸಾಕು ಅದನ್ನು ತುಂಬಲು. ಆಗ ರೂಟರ್ ಒಳಗೆ ಕ್ಯೂ ಬೆಳೆಯುತ್ತದೆ. ನಿಮ್ಮ ಮಾತಿನ ಪ್ಯಾಕೆಟ್‌ಗಳು, ಅಂದರೆ ಡೇಟಾದ ಚಿಕ್ಕ ಚಿಕ್ಕ ತುಂಡುಗಳು, ಆ ಕ್ಯೂನ ಕೊನೆಯಲ್ಲಿ ನಿಂತು ಬರಬೇಕು. 20 ಇದ್ದ ಪಿಂಗ್ 400, 500ಕ್ಕೆ ಹೋಗುತ್ತದೆ. ಇದಕ್ಕೆ ಬಫರ್‌ಬ್ಲೋಟ್ ಅನ್ನುತ್ತಾರೆ. ಜಿಮ್ ಗೆಟಿಸ್ ಎಂಬ ಎಂಜಿನಿಯರ್ ತಮ್ಮ ಮನೆಯ ನೆಟ್ ಹೀಗೆ ಆದಾಗಲೇ ಇದರ ಬೆನ್ನು ಹತ್ತಿದ್ದು.

ಕೆಲವು ರೂಟರ್‌ಗಳಲ್ಲಿ ಎಸ್‌ಕ್ಯೂಎಂ ಅಂತ ಒಂದು ಸೆಟ್ಟಿಂಗ್ ಇರುತ್ತದೆ. ಅದನ್ನು ಆನ್ ಮಾಡಿ ಅಪ್‌ಲೋಡ್ ಮಿತಿಯನ್ನು ನಿಜವಾದ ಸ್ಪೀಡ್‌ಗಿಂತ ಸ್ವಲ್ಪ ಕೆಳಗೆ ಇಟ್ಟರೆ ಕ್ಯೂ ಕರಗುತ್ತದೆ. ನಾನು ಹೀಗೆ ಮಾಡಿದ ಮೇಲೆ ನನ್ನ ತಂಗಿ ಏನೇ ಅಪ್‌ಲೋಡ್ ಮಾಡಿದರೂ ಆಟ ನಿಲ್ಲುವುದಿಲ್ಲ.

ಸಂಜೆಮಲ್ಲಿಗೆ:
ಅಯ್ಯೋ, ಮಗನ ಫೋನ್ ಚಾರ್ಜ್‌ಗೆ ಇಡುವುದೇ ಏಳು ಗಂಟೆಗೆ. ಚಾರ್ಜ್‌ಗೆ ಇಟ್ಟರೆ ಬ್ಯಾಕಪ್ ಶುರುವಾಗುತ್ತದೆ ಅಂತ ಅವನು ಈಗ ಹೇಳಿದ. ನಾಳೆಯಿಂದ ರಾತ್ರಿ ಹತ್ತರ ಮೇಲೆ ಅಂತ ತಾಕೀತು ಮಾಡಿದ್ದೇನೆ.

ಹೊಸ್ತಿಲು:
ನನ್ನ ಅನುಭವ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆದೀತು. ಕೆಲಸಕ್ಕೆ ನೆಟ್ ಬೇಕೇಬೇಕು ಅಂತ ನಾನು ಎರಡು ಕಂಪನಿಗಳ ಫೈಬರ್ ಹಾಕಿಸಿದೆ. ಒಂದು ಹೋದರೆ ಇನ್ನೊಂದು ಇರುತ್ತದೆ ಅನ್ನುವ ಧೈರ್ಯ. ಒಂದು ದಿನ ರಸ್ತೆ ಅಗೆಯುವ ಯಂತ್ರ ಬಂತು. ಹತ್ತು ನಿಮಿಷದಲ್ಲಿ ಎರಡೂ ಸತ್ತವು. ಹೋಗಿ ನೋಡಿದರೆ ಎರಡೂ ಕಂಪನಿಗಳ ಕೇಬಲ್ ಒಂದೇ ಪೈಪಿನಲ್ಲಿ ಮಲಗಿದ್ದವು. ಮೂರು ದಿನ ಕೆಲಸ ನಿಂತಿತು. ಒಬ್ಬ ಗ್ರಾಹಕ ಕೈತಪ್ಪಿದರು.

ಈಗ ಒಂದು ಫೈಬರ್ ಇಟ್ಟುಕೊಂಡಿದ್ದೇನೆ, ಇನ್ನೊಂದು ಮೊಬೈಲ್ ನೆಟ್. ದಾರಿ ಬೇರೆ ಬೇರೆ ಇರಬೇಕು. ಎರಡು ಬಿಲ್ ಕಟ್ಟಿದ ಮಾತ್ರಕ್ಕೆ ಎರಡು ದಾರಿ ಆಗುವುದಿಲ್ಲ.

ಹಳೇಲೈನ್:
ಹೊಸ್ತಿಲು ಅವರೇ, ನೂರಕ್ಕೆ ನೂರು ನಿಜ. ಕಂಬದ ಮೇಲೂ ಇದೇ ಕಥೆ. ಒಂದು ಕಂಬ ಬಿದ್ದರೆ ನಾಲ್ಕು ಕಂಪನಿ ಒಟ್ಟಿಗೆ ಬೀಳುತ್ತವೆ.

ಅಂಚಿನಮನೆ:
ನೀವೆಲ್ಲ ಯಾವ ಫೈಬರ್ ಅಂತ ಚರ್ಚೆ ಮಾಡುತ್ತಿದ್ದೀರಿ. ನಮ್ಮ ಮನೆಗೆ ತಂತಿಯೇ ಬರುವುದಿಲ್ಲ. ನಾನು ಎಲ್ಲಾ ಬಗೆಯ ವೈರ್‌ಲೆಸ್ ಬಳಸಿ ನೋಡಿದವಳು, ಅದರ ಬಗ್ಗೆಯೂ ಒಂದು ಮಾತು ಇರಲಿ.

ಮೊದಲು ಹಳೇ ಬಗೆಯ ಉಪಗ್ರಹ ನೆಟ್ ಇತ್ತು. ಆ ಉಪಗ್ರಹ ಸಮಭಾಜಕದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಕೇಳಿದ ಮಾತು ಮೇಲೆ ಹೋಗಿ ಕೆಳಗೆ ಬಂದು, ಉತ್ತರ ಮತ್ತೆ ಮೇಲೆ ಹೋಗಿ ಕೆಳಗೆ ಬರಬೇಕು. ಬೆಳಕಿನ ವೇಗದಲ್ಲೇ ಹೋದರೂ ಅರ್ಧ ಸೆಕೆಂಡ್ ಹತ್ತಿರ ಆಗುತ್ತದೆ. ಸಿನಿಮಾ ನೋಡಬಹುದು. ಅಮ್ಮನ ಜತೆ ವಿಡಿಯೊದಲ್ಲಿ ಮಾತಾಡಿದರೆ ಇಬ್ಬರೂ ಒಟ್ಟಿಗೆ ಮಾತಾಡಿ ಒಟ್ಟಿಗೆ ಸುಮ್ಮನಾಗುತ್ತಿದ್ದೆವು. ಅಮ್ಮ ಬೇಸರಪಟ್ಟು ಫೋನ್ ಇಡುತ್ತಿದ್ದರು.

ಈಗ ಕೆಳಗಿನ ಕಕ್ಷೆಯ ಉಪಗ್ರಹಗಳು ಬಂದಿವೆ. ಸ್ಟಾರ್‌ಲಿಂಕ್‌ನವು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಓಡುತ್ತವೆ. ಪಿಂಗ್ ಹತ್ತಾರು ಮಿಲಿಸೆಕೆಂಡ್‌ಗೆ ಇಳಿಯಿತು. ಅಮ್ಮನ ಜತೆ ಈಗ ಗಂಟೆಗಟ್ಟಲೆ ಮಾತಾಡುತ್ತೇನೆ. ಆದರೆ ಆಕಾಶ ತೆರೆದಿರಬೇಕು. ಒಂದು ಮರದ ಕೊಂಬೆ ಅಡ್ಡ ಬಂದರೂ ಕೆಲವು ನಿಮಿಷಕ್ಕೊಮ್ಮೆ ತುಂಡಾಗುತ್ತದೆ. ಜೋರು ಮಳೆಯಲ್ಲೂ ಸ್ವಲ್ಪ ಹೊತ್ತು ನಿಲ್ಲುತ್ತದೆ.

5ಜಿ ಡಬ್ಬಿಯನ್ನೂ ಇಟ್ಟು ನೋಡಿದ್ದೇನೆ. ಟವರ್ ಕಾಣುವ ಕಿಟಕಿಯಲ್ಲಿ ಇಟ್ಟರೆ ಒಂದು ಲೆಕ್ಕ, ಕೋಣೆಯ ಮೂಲೆಯಲ್ಲಿ ಇಟ್ಟರೆ ಇನ್ನೊಂದು ಲೆಕ್ಕ. ಟವರನ್ನು ಸುತ್ತಲಿನ ಎಲ್ಲಾ ಫೋನುಗಳೂ ಹಂಚಿಕೊಳ್ಳುತ್ತವೆ. ತಂತಿ ಬರುವ ಮನೆಯವರು ಇದನ್ನು ಎರಡನೇ ದಾರಿಯಾಗಿ ಇಟ್ಟುಕೊಳ್ಳಿ.

ಗುಂಡುಪಿನ್:
ಹಾಗಾದರೆ ನಾನು ಮೊದಲು ಹೇಳಿದ್ದೇ ಸರಿ. ಫೈಬರ್.

ನೀಲಿತಂತಿ:
ಫೈಬರ್ ಸರಿ. ಯಾರ ಫೈಬರ್ ಅನ್ನುವುದು ಇನ್ನೂ ಉಳಿದಿದೆ ಅಲ್ವಾ.

ತಾಯಿಬೇರು:
ದೊಡ್ಡ ಕಂಪನಿಯೇ ವಾಸಿ ಅಂತ ನನ್ನ ಅಭಿಪ್ರಾಯ. ಚಿಕ್ಕವರದ್ದು ಹಾಕಿಸಿದ್ದೆ. ಒಂದು ವರ್ಷದ ದುಡ್ಡು ಒಟ್ಟಿಗೆ ಕಟ್ಟಿಸಿಕೊಂಡರು, ರಿಯಾಯಿತಿ ಅಂದರು. ಐದನೇ ತಿಂಗಳು ಆಫೀಸಿಗೆ ಬೀಗ. ಫೋನ್ ಎತ್ತುವವರಿಲ್ಲ. ದುಡ್ಡು ಹೋಯಿತು.

ಹೊಸ್ತಿಲು:
ನನಗೆ ಉಲ್ಟಾ ಅನುಭವ ಸರ್. ದೊಡ್ಡ ಕಂಪನಿಯಲ್ಲಿ ದೂರು ಕೊಟ್ಟರೆ ನಂಬರ್ ಬರುತ್ತದೆ, ಮನುಷ್ಯ ಬರುವುದಿಲ್ಲ. ದುರಸ್ತಿಯೇ ಆಗದೆ "ಸಮಸ್ಯೆ ಬಗೆಹರಿದಿದೆ" ಅಂತ ಮೆಸೇಜ್ ಬಂದಿದೆ, ಎರಡು ಸಲ. ಈಗಿರುವ ಚಿಕ್ಕ ಕಂಪನಿಯವರು ಭಾನುವಾರ ರಾತ್ರಿ ಎಂಟಕ್ಕೂ ಏಣಿ ಹೊತ್ತು ಬಂದಿದ್ದಾರೆ.

ಹಳೇಲೈನ್:
ಇಬ್ಬರದ್ದೂ ನಿಜ. ಅದಕ್ಕೇ ಸೈಜ್ ನೋಡಬೇಡಿ, ಅಕ್ಕಪಕ್ಕದ ಮನೆಯವರನ್ನು ಕೇಳಿ ಅನ್ನುವುದು. ಅದೇ ಬೀದಿಯಲ್ಲಿ, ಅದೇ ಕಂಪನಿ ಹಾಕಿಸಿ ಕನಿಷ್ಠ ಆರು ತಿಂಗಳಾದವರನ್ನು. "ಹೇಗಿದೆ?" ಅಂತ ಕೇಳಿದರೆ "ಪರವಾಗಿಲ್ಲ" ಅಂತಾರೆ, ಅದರಿಂದ ಏನೂ ತಿಳಿಯುವುದಿಲ್ಲ. "ಕೊನೆಯ ಸಲ ಯಾವಾಗ ಹೋಯಿತು? ಫೋನ್ ಮಾಡಿದ ಮೇಲೆ ಎಷ್ಟು ಗಂಟೆಗೆ ಬಂದರು?" ಅಂತ ಕೇಳಿ.

ಇನ್ನೊಂದು ಗುಟ್ಟು. ದುಡ್ಡು ಕಟ್ಟುವ ಮೊದಲೇ ಅವರ ದೂರಿನ ನಂಬರಿಗೆ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ. ಹೊಸ ಕನೆಕ್ಷನ್ ನಂಬರಿಗೆ ಮಾಡಬೇಡಿ, ಅದನ್ನು ಎಲ್ಲರೂ ಎತ್ತುತ್ತಾರೆ.

ಮತ್ತೆ ವರ್ಷದ ದುಡ್ಡು ಮೊದಲೇ ಕಟ್ಟಬೇಡಿ. ರಿಯಾಯಿತಿ ಹೋದರೆ ಹೋಗಲಿ. ಮೂರು ತಿಂಗಳು ತಿಂಗಳಿಗೊಮ್ಮೆ ಕಟ್ಟಿ, ಲೈನ್ ಹೇಗಿದೆ ನೋಡಿ, ಆಮೇಲೆ ಯೋಚನೆ ಮಾಡಿ. ಬಿಟ್ಟು ಹೋಗುವಾಗ ಏನು ಕಟ್ಟಬೇಕು, ಡಬ್ಬಿ ವಾಪಸ್ ಕೊಡಬೇಕಾ, ಡೆಪಾಸಿಟ್ ಎಷ್ಟು ದಿನಕ್ಕೆ ಬರುತ್ತದೆ, ಇವನ್ನು ಬರಹದಲ್ಲಿ ತಗೊಳ್ಳಿ. ಬಾಯಿಮಾತು ಬೇಡ.

ನೀಲಿತಂತಿ:
99.9 ಶೇಕಡಾ ಅಪ್‌ಟೈಮ್ ಅಂತ ಜಾಹೀರಾತು ನೋಡಿ ಖುಷಿಪಡುವವರಿಗೆ ಒಂದು ಲೆಕ್ಕ. 99.9 ಅಂದರೆ ವರ್ಷಕ್ಕೆ 8 ಮುಕ್ಕಾಲು ಗಂಟೆ ನೆಟ್ ಇರುವುದಿಲ್ಲ. 99 ಅಂದರೆ ಮೂರೂವರೆ ದಿನಕ್ಕಿಂತ ಜಾಸ್ತಿ. ಆ ಒಂದು ಚುಕ್ಕೆ ಒಂಬತ್ತಿನಲ್ಲಿ ಅಷ್ಟು ವ್ಯತ್ಯಾಸ. ಮತ್ತೆ ಆ ಮಾತು ಒಪ್ಪಂದದಲ್ಲಿದೆಯಾ, ಬರೀ ಪೋಸ್ಟರಿನಲ್ಲಿದೆಯಾ ಅಂತ ನೋಡಿ. ಮನೆ ಪ್ಲಾನ್‌ಗಳಲ್ಲಿ ಸಾಮಾನ್ಯವಾಗಿ ಒಪ್ಪಂದದಲ್ಲಿ ಇರುವುದಿಲ್ಲ.

ದೀಪದಹುಳ:
ಅನ್‌ಲಿಮಿಟೆಡ್ ಅನ್ನುವ ಪದವನ್ನೂ ಹಾಗೇ ನೋಡಬೇಕು. ಕೆಳಗೆ ಚಿಕ್ಕ ಅಕ್ಷರದಲ್ಲಿ ಎಫ್‌ಯುಪಿ ಇರುತ್ತದೆ. ಇಷ್ಟು ಜಿಬಿ ದಾಟಿದ ಮೇಲೆ ಸ್ಪೀಡ್ ಇಳಿಸುತ್ತಾರೆ. ಎಷ್ಟಕ್ಕೆ ಇಳಿಸುತ್ತಾರೆ ಅಂತ ಕೇಳಿ.

ಇನ್ನು ಸಿಜಿನ್ಯಾಟ್. ಇಂಟರ್ನೆಟ್‌ನಲ್ಲಿ ಗುರುತಿಗೆ ಬಳಸುವ ಹಳೇ ಬಗೆಯ ಐಪಿವಿ4 ವಿಳಾಸಗಳು ಇರುವುದೇ ಸುಮಾರು 430 ಕೋಟಿ, ಅವು ಸಾಕಾಗುತ್ತಿಲ್ಲ. ಅದಕ್ಕೆ ಕಂಪನಿಗಳು ಎಷ್ಟೋ ಮನೆಗಳನ್ನು ಒಂದು ವಿಳಾಸದ ಹಿಂದೆ ಕೂರಿಸುತ್ತವೆ. ಹೊರಗಿನಿಂದ ಮನೆಯ ಕ್ಯಾಮೆರಾಗೆ ನೇರವಾಗಿ ಸೇರಬೇಕು, ಮನೆಯಲ್ಲೇ ಸರ್ವರ್ ಇಡಬೇಕು ಅನ್ನುವವರಿಗೆ ಇದು ಅಡ್ಡಿ. ರೂಟರ್‌ಗೆ ಕಂಪನಿ ಕೊಡುವ ವಾನ್ ವಿಳಾಸ 100.64ರಿಂದ 100.127ರ ನಡುವೆ ಶುರುವಾದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ ಅಂತ ಅರ್ಥ. ಆ ಗುಂಪನ್ನು 2012ರಲ್ಲಿ ಇದಕ್ಕೆ ಅಂತಲೇ ತೆಗೆದಿಟ್ಟರು. ವಿಳಾಸಗಳ ಕೊರತೆ ಇಲ್ಲದ ಹೊಸ ಬಗೆ ಐಪಿವಿ6, ಅದನ್ನು ಕೊಡುವ ಕಂಪನಿಯಾದರೆ ಎಷ್ಟೋ ವಾಸಿ.

ಸಂಜೆಮಲ್ಲಿಗೆ:
ಪಾಠ ಹೇಳುವವಳಿಗೆ ಇದು ಬೇಕಾಗುತ್ತದಾ?

ದೀಪದಹುಳ:
ನಿಮಗೆ ಬೇಡ ಅಕ್ಕ. ಮುಂದೆ ಬೇರೆ ಯಾರಾದರೂ ಓದುತ್ತಾರಲ್ಲ, ಅವರಿಗೆ.

ಮರಕುಟಿಗ:
ಹೇಳಿದಂತೆ ಟೆಸ್ಟ್ ಮಾಡಿದೆ. ಹತ್ತಿರದ ಸರ್ವರ್ 480, ಬೇರೆ ಕಂಪನಿಯ ದೂರದ ಸರ್ವರ್ ರಾತ್ರಿ 9ಕ್ಕೆ 140. ಬೆಳಗ್ಗೆ ಅದೇ ಸರ್ವರ್ 430. ನನಗೆ ತೊಂದರೆ ಕಾಣದಿರುವುದಕ್ಕೆ ಕಾರಣ 140 ಕೂಡ ನನಗೆ ಜಾಸ್ತಿಯೇ ಆಗಿರುವುದು. ನೀಲಿತಂತಿ ಅವರ ಮಾತು ಸರಿ. ಮುಂದಿನ ತಿಂಗಳಿಂದ 200ರ ಪ್ಲಾನ್‌ಗೆ ಇಳಿಯುತ್ತೇನೆ.

ತಾಯಿಬೇರು:
ಒಂದು ಪ್ರಶ್ನೆ. ಸಿಡಿಲು ಬಂದಾಗ ರೂಟರ್ ಸುಟ್ಟು ಹೋಗುತ್ತದೆ ಅಂತಾರಲ್ಲ, ಗಾಜಿನ ಎಳೆಗೆ ಆ ಭಯ ಇಲ್ವಾ?

ಹಳೇಲೈನ್:
ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಕಂಬದಿಂದ ಮನೆಗೆ ಎಳೆಯುವ ಕೇಬಲ್‌ನಲ್ಲಿ ಗಟ್ಟಿಗೆ ಅಂತ ಉಕ್ಕಿನ ತಂತಿ ಸೇರಿಸಿರುತ್ತಾರೆ. ಅದನ್ನು ಮನೆಯ ಹೊರಗೇ ಕತ್ತರಿಸಿ, ಗಾಜಿನ ಎಳೆ ಮಾತ್ರ ಒಳಗೆ ಬಿಡಬೇಕು. ಅವಸರದ ಹುಡುಗರು ಪೂರ್ತಿ ಒಳಗೆ ತರುತ್ತಾರೆ. ನೋಡಿಕೊಳ್ಳಿ. ಪ್ಲಗ್ ಕಡೆಯಿಂದ ಬರುವ ಸಿಡಿಲಿಗೆ ಅಂತೂ ಫೈಬರ್ ಏನೂ ಮಾಡಲಾಗದು. ಗುಡುಗಿದರೆ ಪ್ಲಗ್ ತೆಗೆಯಿರಿ.

ಅಂಚಿನಮನೆ:
ಗಾಜಿನಲ್ಲಿ ಬೆಳಕು ಅಷ್ಟು ದೂರ ಹೇಗೆ ಹೋಗುತ್ತದೆ ಅನ್ನುವುದೇ ನನಗೆ ಆಶ್ಚರ್ಯ. ಕಿಟಕಿ ಗಾಜನ್ನು ಅಂಚಿನಿಂದ ನೋಡಿದರೆ ಹಸಿರಾಗಿ, ಮಬ್ಬಾಗಿ ಕಾಣುತ್ತದಲ್ಲ.

ನೀಲಿತಂತಿ:
ವಿಷಯ ಬಿಟ್ಟು ಹೋಗುತ್ತಿದ್ದೇವೆ, ಆದರೆ ಒಳ್ಳೆಯ ಪ್ರಶ್ನೆ. ಬಹಳ ಜನ ಹಾಗೇ ಅಂದುಕೊಂಡಿದ್ದರು. 1966ರಲ್ಲಿ ಚಾರ್ಲ್ಸ್ ಕಾವೊ ಎಂಬ ವಿಜ್ಞಾನಿ ಲೆಕ್ಕ ಹಾಕಿ ಹೇಳಿದರು: ತಪ್ಪು ಗಾಜಿನದ್ದಲ್ಲ, ಅದರಲ್ಲಿ ಸೇರಿದ ಕಲ್ಮಶದ್ದು. ದಾರಿಯಲ್ಲಿ ಆಗುವ ಬೆಳಕಿನ ನಷ್ಟವನ್ನು ಕಿಲೋಮೀಟರಿಗೆ 20 ಡೆಸಿಬೆಲ್‌ಗೆ ಇಳಿಸಿದರೆ ಸಾಕು, ಗಾಜಿನಲ್ಲಿ ಮಾತು ಕಳಿಸಬಹುದು ಅಂತ. 1970ರಲ್ಲಿ ಕಾರ್ನಿಂಗ್ ಕಂಪನಿ ಆ ಮಟ್ಟ ಮುಟ್ಟಿತು. ಈಗಿನ ಎಳೆಯಲ್ಲಿ ಕಿಲೋಮೀಟರಿಗೆ 0.35 ಡೆಸಿಬೆಲ್ ಆಸುಪಾಸು ಅಷ್ಟೇ. ಕಾವೊ ಅವರಿಗೆ 2009ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು.

ಅಂಚಿನಮನೆ:
ಎಷ್ಟು ಚೆಂದದ ಕಥೆ. ಥ್ಯಾಂಕ್ಸ್ ಸರ್.

ಸಂಜೆಮಲ್ಲಿಗೆ (6 ದಿನದ ನಂತರ):
ಎಲ್ಲರೂ ಹೇಳಿದಂತೆ ಮಾಡಿದೆ. ನಾಲ್ಕು ಸಂಜೆ ಬರೆದಿಟ್ಟುಕೊಂಡೆ.

ತಂತಿ ಹಾಕಿದಾಗ ರೂಟರ್‌ಗೆ ಪಿಂಗ್ 1ಕ್ಕಿಂತ ಕಡಿಮೆ. 8.8.8.8ಕ್ಕೆ ಬೆಳಗ್ಗೆ 18. ಸಂಜೆ ಏಳೂವರೆಗೆ 150ರಿಂದ 300, ನೂರಕ್ಕೆ ನಾಲ್ಕೈದು ಪ್ಯಾಕೆಟ್ ಬರುವುದೇ ಇಲ್ಲ. ಮಗನ ಫೋನ್ ಬ್ಯಾಕಪ್ ನಿಲ್ಲಿಸಿದ ಮೇಲೂ ಹಾಗೇ. ಅಂದರೆ ಲೈನಿನದ್ದೇ ತೊಂದರೆ, ಹಳೇಲೈನ್ ಸರ್ ಹೇಳಿದಂತೆ. ಆದರೆ ವೈಫೈನಲ್ಲಿ ರೂಟರ್‌ಗೇ ಪಿಂಗ್ ಆಗಾಗ 80, 100 ಮುಟ್ಟುತ್ತದೆ. ಅದೂ ಒಂದು ತೊಂದರೆ. ಕಂಪನಿ ಮಾತ್ರ ಬದಲಿಸಿದ್ದರೆ ಅರ್ಧ ತೊಂದರೆ ಹಾಗೇ ಉಳಿಯುತ್ತಿತ್ತು.

ಬೀದಿಯಲ್ಲಿ ಏಳು ಮನೆಗೆ ಹೋಗಿ ಕೇಳಿದೆ. ದೊಡ್ಡ ಕಂಪನಿಯ ಲೈನ್ ಇರುವ ಮೂರು ಮನೆಯಲ್ಲಿ ಕೊನೆಯ ದುರಸ್ತಿಗೆ ನಾಲ್ಕು ದಿನ, ಐದು ದಿನ ಆಗಿದೆ. ಚಿಕ್ಕ ಕಂಪನಿಯ ನಾಲ್ಕು ಮನೆಯವರೂ ಅದೇ ದಿನ ಬಂದರು ಅಂದರು. ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ ನೋಡಿದೆ, ಎರಡನೇ ರಿಂಗಿಗೆ ಎತ್ತಿದರು. ಅವರ 100ರ ಪ್ಲಾನ್‌ನಲ್ಲಿ ಅಪ್‌ಲೋಡ್ ಕೂಡ 100. ತಿಂಗಳ ಲೆಕ್ಕದಲ್ಲಿ ಹಾಕಿಸುತ್ತಿದ್ದೇನೆ. ಹಳೆಯದನ್ನು ಇನ್ನೊಂದು ತಿಂಗಳು ಇಟ್ಟುಕೊಳ್ಳುತ್ತೇನೆ.

ನೀಲಿತಂತಿ:
ಇಷ್ಟು ಚೆನ್ನಾಗಿ ಪರೀಕ್ಷೆ ಮಾಡಿದವರನ್ನು ನಾನು ನೋಡಿಲ್ಲ. ವೈಫೈಗೆ ಎರಡು ಮಾತು. ಆಗುವುದಾದರೆ ಪಾಠದ ಕೋಣೆಗೆ ಲ್ಯಾನ್ ಕೇಬಲ್ ಎಳೆಸಿಬಿಡಿ, ಅದಕ್ಕಿಂತ ಒಳ್ಳೆಯದು ಇಲ್ಲ. ಕ್ಯಾಟ್5ಇ ಅನ್ನುವ ಬಗೆಯ ಕೇಬಲ್ ಸಾಕು. ಒಳಗೆ ನಾಲ್ಕು ಜೋಡಿ ಎಳೆ ಇರುತ್ತವೆ, ಗಿಗಾಬಿಟ್‌ಗೆ ನಾಲ್ಕೂ ಬೇಕು. ಒಂದು ಜೋಡಿ ಕಡಿದರೆ ಸದ್ದಿಲ್ಲದೆ 100 ಎಂಬಿಪಿಎಸ್‌ಗೆ ಇಳಿಯುತ್ತದೆ. ಕೇಬಲ್ ಎಳೆಯಲು ಆಗದಿದ್ದರೆ 5 ಗಿಗಾಹರ್ಟ್ಸ್ ವೈಫೈ ಬಳಸಿ, ರೂಟರನ್ನು ಒಂದು ಗೋಡೆ ಹತ್ತಿರಕ್ಕೆ ತನ್ನಿ. 2.4 ಗಿಗಾಹರ್ಟ್ಸ್ ವೈಫೈನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11, ಮೂರೇ. ಅಕ್ಕಪಕ್ಕದ ಮನೆಗಳೆಲ್ಲ ಅದರಲ್ಲೇ ತಳ್ಳಾಡುತ್ತಿರುತ್ತವೆ.

ಹಳೇಲೈನ್:
ಹಾಕಲು ಬಂದಾಗ ಆಪ್ಟಿಕಲ್ ಪವರ್ ಮೀಟರ್ ಹಿಡಿದು ಎಳೆಯಲ್ಲಿ ಬರುವ ಬೆಳಕಿನ ಬಲವನ್ನು ಅಳೆಯಲು ಹೇಳಿ, ಅದರ ಅಳತೆ ಡಿಬಿಎಂ. ಆ ಸಂಖ್ಯೆಯನ್ನು ಒಎನ್‌ಟಿ ಮೇಲೆ ಚೀಟಿ ಅಂಟಿಸಿ ಬರೆದಿಡಿ. ಮೈನಸ್ 15ರಿಂದ ಮೈನಸ್ 23 ಡಿಬಿಎಂ ಇದ್ದರೆ ಚೆನ್ನ. ಮೈನಸ್ 27ರ ಹತ್ತಿರ ಹೋದರೆ ಡಬ್ಬಿ ಬೆಳಕನ್ನು ಗುರುತಿಸುವ ಅಂಚು ಅದು. 3 ಡಿಬಿ ಇಳಿದರೆ ಬೆಳಕು ಅರ್ಧ ಆಯಿತು ಅಂತ ಲೆಕ್ಕ. ಎಲ್‌ಒಎಸ್ ಅನ್ನುವ ಕೆಂಪು ದೀಪ ಹತ್ತಿದರೆ ರೂಟರ್ ಆಫ್ ಆನ್ ಮಾಡುತ್ತಾ ಕೂರಬೇಡಿ. ಬೆಳಕೇ ಬರುತ್ತಿಲ್ಲ ಅಂತ ನೇರವಾಗಿ ಹೇಳಿ.

ಹೊಸ್ತಿಲು:
ಕರೆಂಟ್ ಹೋದಾಗ? ಒಎನ್‌ಟಿ, ರೂಟರ್ ಎರಡಕ್ಕೂ ಸಾಮಾನ್ಯವಾಗಿ 12 ವೋಲ್ಟ್. ಅದಕ್ಕೆ ಅಂತಲೇ ಚಿಕ್ಕ ಯುಪಿಎಸ್ ಸಿಗುತ್ತದೆ. ಅಡಾಪ್ಟರ್ ಮೇಲೆ ವೋಲ್ಟ್, ಆಂಪಿಯರ್ ನೋಡಿ ತಗೊಳ್ಳಿ. ಎರಡೂ ಡಬ್ಬಿಗೆ ಬೇಕು. ನಾನು ಮೊದಲು ರೂಟರ್‌ಗೆ ಮಾತ್ರ ಹಾಕಿದ್ದೆ, ವೈಫೈ ಇತ್ತು, ನೆಟ್ ಇರಲಿಲ್ಲ.

ಸಂಜೆಮಲ್ಲಿಗೆ (3 ವಾರದ ನಂತರ):
ಹೊಸ ಲೈನ್ ಬಂತು. ಹಾಕಿದ ದಿನ ಮೈನಸ್ 19. ಸಂಜೆ ಪಿಂಗ್ 9ರಿಂದ 12, ಒಂದು ಪ್ಯಾಕೆಟ್ ಕೂಡ ತಪ್ಪುತ್ತಿಲ್ಲ.

ಹೋದ ಮಂಗಳವಾರ ಮಾತ್ರ ಇದ್ದಕ್ಕಿದ್ದಂತೆ ನಿಂತು ನಿಂತು ಬರತೊಡಗಿತು. ಎದೆ ಧಸಕ್ ಅಂತು. ಫೋನ್ ಮಾಡಿ "ಹಾಕಿದಾಗ ಮೈನಸ್ 19 ಇತ್ತು, ಈಗ ಅಳೆಯಿರಿ" ಅಂದೆ. ಮೂರು ಗಂಟೆಯೊಳಗೆ ಹುಡುಗ ಬಂದ. ಮೈನಸ್ 26. ಕಸ ಗುಡಿಸುವಾಗ ಕಪಾಟನ್ನು ಹಿಂದಕ್ಕೆ ತಳ್ಳಿದ್ದೆವು, ಅದರ ಹಿಂದೆ ಎಳೆ ಮಡಚಿ ಸಿಕ್ಕಿಕೊಂಡಿತ್ತು. ಬಿಡಿಸಿ ದೊಡ್ಡ ಸುತ್ತಾಗಿ ಕಟ್ಟಿದ. ಮತ್ತೆ ಮೈನಸ್ 19.

ಕ್ಲಾಸ್ ಬಿಟ್ಟಿದ್ದ ಹುಡುಗಿ ನಿನ್ನೆಯಿಂದ ಮತ್ತೆ ಬರುತ್ತಿದ್ದಾಳೆ. ಭಿನ್ನರಾಶಿಯಿಂದ ಶುರು ಮಾಡಿದ್ದೇವೆ.

ಗುಂಡುಪಿನ್:
ಬಹಳ ಖುಷಿಯಾಯಿತು ಮೇಡಂ. ನಾನೂ ಇವತ್ತು ಕಪಾಟಿನ ಹಿಂದೆ ಇಣುಕಿ ನೋಡಿದೆ. ನಮ್ಮದೂ ಮಡಚಿಯೇ ಇದೆ. ನಾನೇ ಬಿಡಿಸಬಹುದಾ, ಅವರನ್ನು ಕರೆಯಲಾ?

ಹಳೇಲೈನ್:
ಮೆಲ್ಲಗೆ ನೀವೇ ಬಿಡಿಸಿ. ಎಳೆಯಬೇಡಿ, ತಿರುಚಬೇಡಿ. ಸುತ್ತು ಅಂಗೈ ಅಗಲಕ್ಕಿಂತ ಚಿಕ್ಕದಾಗದಿರಲಿ. ಕನೆಕ್ಟರ್ ಕಳಚಿಬಂದರೆ ಅದರ ತುದಿಯನ್ನು ಬೆರಳಲ್ಲಿ ಮುಟ್ಟಬೇಡಿ, ತುದಿಯೊಳಗೆ ಕಣ್ಣಿಟ್ಟು ನೋಡಲೂ ಬೇಡಿ. ಅದರಲ್ಲಿ ಬರುವ ಬೆಳಕು ಕಣ್ಣಿಗೆ ಕಾಣುವುದಿಲ್ಲ.